ಚೆಂಡು ಒದ್ದ ಹೆಂಗಸರು

ಅಕ್ಕ ತಂಗಿಯರೇ, ನೀವು ಚಿಕ್ಕವರಿದ್ದಾಗ ಏನೇನು ಆಟ ಆಡಿದ್ದೀರಿ? ಕುಂಟೆಬಿಲ್ಲೆ, ಗಜಗ, ಚೌಕಾಬಾರ, ಕಣ್ಣಾಮುಚ್ಚಾಲೆ. ಲಗೋರಿಯನ್ನೂ ಆಡಿರಬಹುದು. ಎಷ್ಟು ವರ್ಷದವರೆಗೆ ಆಡಿದಿರಿ? ಹತ್ತು ವರ್ಷ? ಹನ್ನೆರಡು ವರ್ಷ? ಆಮೇಲೆ ಮನೆಯಲ್ಲಿ ಏನಂದರು? "ದೊಡ್ಡವಳಾದೆ, ಇನ್ನು ಬೀದಿಯಲ್ಲಿ ಕುಣಿಯೋದು ಸಾಕು" ಅಂದರು. ಅಣ್ಣ ತಮ್ಮಂದಿರು ಮಾತ್ರ ಬಯಲಿಗೆ ಹೋಗಿ ಆಡುತ್ತಲೇ ಇದ್ದರು.

ಈ ಮಾತು ನಮ್ಮ ಊರಿನದು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ, ಬ್ರೆಜಿಲಿನಲ್ಲಿ ಕೂಡ ಹೆಂಗಸರಿಗೆ ಇದೇ ಮಾತು ಹೇಳಿದರು. ಬಾಯಿಮಾತಲ್ಲ, ನಿಯಮ ಬರೆದು ಹೇಳಿದರು. ಆ ಹೆಂಗಸರು ಆಡುತ್ತಿದ್ದ ಆಟ ಫುಟ್‌ಬಾಲ್. ಇವತ್ತು ಅದೇ ಆಟದಲ್ಲಿ ಹೆಂಗಸರ ವಿಶ್ವಕಪ್ ನಡೆಯುತ್ತದೆ. 32 ದೇಶಗಳ ಹೆಂಗಸರು ಬಂದು ಆಡುತ್ತಾರೆ. ಲಕ್ಷಾಂತರ ಜನ ಟಿಕೆಟ್ ಕೊಂಡು ನೋಡುತ್ತಾರೆ.

ಬೇಡ ಅಂದ ಆಟ ಇಷ್ಟು ದೊಡ್ಡದು ಹೇಗಾಯಿತು? ಆ ಕಥೆ ಇಲ್ಲಿದೆ.

ಮೊದಲು ಆಟ ತಿಳಿಯೋಣ

ಫುಟ್‌ಬಾಲ್ ಅಂದರೆ ಕಾಲ್ಚೆಂಡಿನ ಆಟ. ದೊಡ್ಡ ಹುಲ್ಲಿನ ಮೈದಾನ. ಉದ್ದ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ತಂಡ. ಒಂದೊಂದು ತಂಡದಲ್ಲಿ 11 ಜನ. ಮೈದಾನದ ಆ ತುದಿಗೆ ಒಂದು, ಈ ತುದಿಗೆ ಒಂದು ಬಾಗಿಲಿನ ಚೌಕಟ್ಟಿನ ಹಾಗೆ ಕಂಬ ನಿಲ್ಲಿಸಿರುತ್ತಾರೆ. ಹಿಂದೆ ಬಲೆ ಕಟ್ಟಿರುತ್ತಾರೆ. ಚೌಕಟ್ಟಿನ ಅಗಲ 24 ಅಡಿ, ಎತ್ತರ 8 ಅಡಿ. ಚೆಂಡನ್ನು ಒದ್ದು ಎದುರಿನವರ ಚೌಕಟ್ಟಿನೊಳಗೆ ಹೊಗಿಸಿದರೆ ಒಂದು ಗೋಲು.

ಚೆಂಡನ್ನು ಕಾಲಲ್ಲಿ ಒದೆಯಬಹುದು, ತಲೆಯಲ್ಲಿ ಗುದ್ದಬಹುದು, ಎದೆಯಲ್ಲಿ ತಡೆಯಬಹುದು. ಆಟದ ನಡುವೆ ಕೈಯಲ್ಲಿ ಮುಟ್ಟುವಂತಿಲ್ಲ. ಕೈಯಲ್ಲಿ ಹಿಡಿಯುವ ಹಕ್ಕು ಒಬ್ಬರಿಗೆ ಮಾತ್ರ. ಅವಳು ಗೋಲು ಕಾಯುವವಳು, ಅದೂ ತನ್ನ ಚೌಕಟ್ಟಿನ ಮುಂದೆ ಗೆರೆ ಎಳೆದ ಜಾಗದಲ್ಲಿ ಮಾತ್ರ. ಒಂದು ಆಟಕ್ಕೆ 90 ನಿಮಿಷ. 45 ನಿಮಿಷ ಆದ ಮೇಲೆ ಸ್ವಲ್ಪ ವಿರಾಮ. ಮತ್ತೆ 45 ನಿಮಿಷ. ಹೆಚ್ಚು ಗೋಲು ಹೊಡೆದವರು ಗೆದ್ದರು. ಇಷ್ಟೇ.

ಈ ಆಟಕ್ಕೆ ಬೇಕಾದ್ದು ಒಂದು ಚೆಂಡು, ಒಂದು ಬಯಲು. ಅದಕ್ಕೇ ಬಡವರ ಮಕ್ಕಳೂ ಇದನ್ನು ಆಡುತ್ತಾರೆ. ಚೆಂಡು ಹೇಗೋ ಸಿಗುತ್ತದೆ. ಹಳೇ ಬಟ್ಟೆ ಸುತ್ತಿಯಾದರೂ ಮಾಡಿಕೊಳ್ಳಬಹುದು. ಬಯಲು ಹಾಗಲ್ಲ. ಬಯಲಿಗೆ ಯಜಮಾನರು ಇರುತ್ತಾರೆ. ಹೆಂಗಸರ ಫುಟ್‌ಬಾಲಿನ ಜಗಳವೆಲ್ಲ ಶುರುವಾದದ್ದು ಅಲ್ಲೇ.

ಕಾರ್ಖಾನೆಯ ಅಂಗಳದಲ್ಲಿ

1914ರಲ್ಲಿ ಯೂರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಇಂಗ್ಲೆಂಡಿನ ಗಂಡಸರು ಸಾಲುಸಾಲಾಗಿ ಯುದ್ಧಕ್ಕೆ ಹೋದರು. ಕಾರ್ಖಾನೆ ನಡೆಸೋರು ಯಾರು? ಹೆಂಗಸರನ್ನು ಕರೆದರು. ಅಡುಗೆಮನೆಯಲ್ಲಿದ್ದವರು ಬಂದರು. ಬೇರೆಯವರ ಮನೆಗೆಲಸ ಮಾಡುತ್ತಿದ್ದವರೂ ಬಂದರು. ಮದ್ದುಗುಂಡು ತಯಾರಿಸುವ ಕೆಲಸಕ್ಕೆ ನಿಂತರು. ಭಾರದ ಕೆಲಸ, ಅಪಾಯದ ಕೆಲಸ.

ಪ್ರೆಸ್ಟನ್ ಅನ್ನೋ ಊರಿನಲ್ಲಿ ಡಿಕ್ ಕೆರ್ ಎಂಬ ಹೆಸರಿನ ಕಾರ್ಖಾನೆ ಇತ್ತು. ಅಲ್ಲಿನ ಹೆಂಗಸರು ಬಿಡುವಿನ ಹೊತ್ತಲ್ಲಿ ಅಂಗಳಕ್ಕೆ ಬಂದು ಹುಡುಗರ ಜೊತೆ ಚೆಂಡು ಒದೆಯುತ್ತಿದ್ದರು. ಆಡುತ್ತಾ ಆಡುತ್ತಾ ಕೈ, ಅಲ್ಲ, ಕಾಲು ಪಳಗಿತು. ಕಾರ್ಖಾನೆಯ ಒಬ್ಬ ಗುಮಾಸ್ತ ಇದನ್ನು ನೋಡಿ ಒಂದು ತಂಡ ಕಟ್ಟಿದ.

1917ರ ಕ್ರಿಸ್‌ಮಸ್ ಹಬ್ಬದ ದಿನ ಅವರ ಮೊದಲ ದೊಡ್ಡ ಆಟ. ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸುವುದಕ್ಕೆ ಆಡಿದರು. ಹತ್ತು ಸಾವಿರ ಜನ ನೋಡಲು ಬಂದರು. ನಗೋದಕ್ಕೆ ಬಂದವರೂ ಇದ್ದಿರಬೇಕು. ಡಿಕ್ ಕೆರ್ ಹೆಂಗಸರು ನಾಲ್ಕು ಗೋಲು ಹೊಡೆದು ಗೆದ್ದರು.

ಯುದ್ಧ 1918ರಲ್ಲಿ ಮುಗಿಯಿತು. ಆಟ ಮುಗಿಯಲಿಲ್ಲ. ಊರೂರಲ್ಲಿ ಹೆಂಗಸರ ತಂಡಗಳು ಹುಟ್ಟಿದವು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದಲ್ಲಿ ಡಿಕ್ ಕೆರ್ ತಂಡ ಆಡಿತು. ಆ ದಿನ ಮೈದಾನದೊಳಗೆ ಎಷ್ಟು ಜನ ಗೊತ್ತೇ? 53 ಸಾವಿರ. ಜಾಗ ಸಾಲದೆ ಹೊರಗೆ ಉಳಿದವರೇ ಸಾವಿರಾರು. ಒಂದು ದೊಡ್ಡ ಜಾತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಷ್ಟು ಜನ ಹೆಂಗಸರ ಆಟ ನೋಡಲು ದುಡ್ಡು ಕೊಟ್ಟು ಬಂದಿದ್ದರು. ಬಂದ ಹಣ ಧರ್ಮಕಾರ್ಯಕ್ಕೆ ಹೋಯಿತು.

ಆ ತಂಡದಲ್ಲಿ ಲಿಲಿ ಪಾರ್ ಎಂಬ ಹುಡುಗಿ ಇದ್ದಳು. ತಂಡಕ್ಕೆ ಸೇರಿದಾಗ ಅವಳಿಗೆ ಇನ್ನೂ 14 ವರ್ಷ. ಎತ್ತರದ ಹುಡುಗಿ, ಎಡಗಾಲಿನ ಒದೆ ಬಲು ಜೋರು. ಮುಂದೆ ಅವಳು ನರ್ಸ್ ಆದಳು. ಕೆಲಸ ಮಾಡಿಕೊಂಡೇ 1951ರವರೆಗೆ ಆಡಿದಳು. ಅಂದರೆ ಮೂವತ್ತು ವರ್ಷದ ಮೇಲೆ!

"ಹೆಂಗಸರಿಗೆ ಮೈದಾನ ಕೊಡಬೇಡಿ"

ಇಷ್ಟು ಜನ ಹೆಂಗಸರ ಆಟಕ್ಕೆ ಹೋಗುವುದನ್ನು ನೋಡಿ ಕೆಲವರಿಗೆ ಹೊಟ್ಟೆ ಉರಿಯಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಗಂಡಸರದು. 1921ರ ಡಿಸೆಂಬರ್ 5ರಂದು ಅವರು ಸಭೆ ಸೇರಿ ಒಂದು ತೀರ್ಮಾನ ಬರೆದರು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟ ಅಲ್ಲ, ಅದಕ್ಕೆ ಉತ್ತೇಜನ ಕೊಡಬಾರದು ಅಂದರು. ಸಂಘಕ್ಕೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಹೆಂಗಸರಿಗೆ ಕೊಡಬಾರದು ಅಂದರು. ದೊಡ್ಡ ಮೈದಾನಗಳೆಲ್ಲ ಆ ಕ್ಲಬ್ಬುಗಳವೇ.

ಧರ್ಮಕ್ಕೆ ಅಂತ ಕೂಡಿಸಿದ ಹಣದ ಲೆಕ್ಕ ಸರಿಯಿಲ್ಲ ಅಂತಲೂ ದೂರಿದರು. ಕೆಲವು ಡಾಕ್ಟರರು ಈ ಆಟ ಹೆಂಗಸರ ಮೈಗೆ ಒಗ್ಗದು ಅಂದರು. ನೋಡಿ, ಮದ್ದುಗುಂಡಿನ ಕಾರ್ಖಾನೆಯಲ್ಲಿ ಭಾರ ಎತ್ತುವಾಗ ಈ ಮೈ ಯಾರಿಗೂ ನೆನಪಾಗಲಿಲ್ಲ. ಚೆಂಡು ಒದ್ದಾಗ ನೆನಪಾಯಿತು.

ಇನ್ನೊಂದು ವಿಷಯವೂ ಇದೆ. ಅದೇ 1921ರಲ್ಲಿ ಕಲ್ಲಿದ್ದಲು ಗಣಿಯ ಮಾಲೀಕರು ಕೂಲಿ ಕಡಿಮೆ ಮಾಡಿದರು. ಕೆಲಸಗಾರರು ಒಪ್ಪಲಿಲ್ಲ. ಗಣಿ ಮುಚ್ಚಿತು. ಅವರ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಆಗ ಹೆಂಗಸರ ತಂಡಗಳು ಆಟ ಆಡಿ, ಬಂದ ಹಣವನ್ನು ಆ ಮನೆಗಳಿಗೆ ಕೊಟ್ಟವು. ದೊಡ್ಡವರಿಗೆ ಇದೂ ಹಿಡಿಸಲಿಲ್ಲ ಅಂತ ಇತಿಹಾಸ ಬರೆದ ಕೆಲವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಹೆಂಗಸರು ಆಟ ಬಿಟ್ಟರೇ? ಬಿಡಲಿಲ್ಲ. ಉದ್ಯಾನದಲ್ಲಿ, ಖಾಲಿ ಜಾಗದಲ್ಲಿ, ಎಲ್ಲಿ ಸಿಕ್ಕಿತೋ ಅಲ್ಲಿ ಆಡಿದರು. ಆದರೆ ಸಾವಿರಾರು ಜನ ಕೂರುವ ಜಾಗ ಹೋಯಿತು. ಜನ ಹೋದರು, ಹಣ ಹೋಯಿತು, ಪತ್ರಿಕೆಯವರೂ ಬರೆಯುವುದು ಬಿಟ್ಟರು. ಮುಂದೆ ಬಂದ ಹುಡುಗಿಯರಿಗೆ, ಹಿಂದೆ 53 ಸಾವಿರ ಜನ ಸೇರಿದ್ದರು ಅನ್ನೋದೇ ಗೊತ್ತಿರಲಿಲ್ಲ. "ಹೆಂಗಸರ ಫುಟ್‌ಬಾಲ್ ಯಾರು ನೋಡ್ತಾರೆ?" ಅಂತ ಕೇಳುವವರು ಹೆಚ್ಚಾದರು. ನೋಡುವ ಜಾಗಕ್ಕೆ ಬೀಗ ಹಾಕಿದವರೇ ಹಾಗೆ ಕೇಳಿದರು.

ಆ ಬೀಗ ತೆಗೆದದ್ದು 1971ರಲ್ಲಿ. 1921ರಿಂದ 1971ಕ್ಕೆ ಎಷ್ಟು ವರ್ಷ? ಬೆರಳು ಮಡಿಸಿ ಲೆಕ್ಕ ಹಾಕಿ. ಪೂರಾ 50 ವರ್ಷ. ಲಿಲಿ ಪಾರ್‌ಗೆ ಆಗ 66 ವರ್ಷ. 2019ರಲ್ಲಿ ಮ್ಯಾಂಚೆಸ್ಟರ್ ನಗರದ ಫುಟ್‌ಬಾಲ್ ವಸ್ತುಸಂಗ್ರಹಾಲಯದಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು. ಅದನ್ನು ನೋಡಲು ಅವಳು ಇರಲಿಲ್ಲ.

ಬೇರೆ ದೇಶಗಳಲ್ಲೂ ಹೀಗೇ ಆಯಿತು. ಪಶ್ಚಿಮ ಜರ್ಮನಿಯಲ್ಲಿ ಫುಟ್‌ಬಾಲ್ ಸಂಘ 1955ರಿಂದ 1970ರವರೆಗೆ ಹೆಂಗಸರಿಗೆ ಮೈದಾನ ಕೊಡಲಿಲ್ಲ. ಬ್ರೆಜಿಲಿನಲ್ಲಿ ಇನ್ನೂ ಬಿಗಿ. ಅಲ್ಲಿ 1941ರಲ್ಲಿ ಸರ್ಕಾರವೇ ಕಾನೂನು ಮಾಡಿತು. ಹೆಣ್ಣಿನ ಸ್ವಭಾವಕ್ಕೆ ಒಗ್ಗದ ಆಟಗಳನ್ನು ಹೆಂಗಸರು ಆಡಬಾರದು ಅಂದಿತು. ಆ ಕಾನೂನು 1979ರವರೆಗೆ ಇತ್ತು.

ಒಂದು ಲಕ್ಷ ಜನ

ಗಂಡಸರ ವಿಶ್ವಕಪ್ 1930ರಲ್ಲೇ ಉರುಗ್ವೆ ದೇಶದಲ್ಲಿ ಶುರುವಾಗಿತ್ತು. ವಿಶ್ವಕಪ್ ಅಂದರೆ ಬೇರೆ ಬೇರೆ ದೇಶಗಳ ತಂಡಗಳು ಒಂದು ಕಡೆ ಸೇರಿ ಆಡುವ ದೊಡ್ಡ ಪಂದ್ಯಕೂಟ. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ನಡೆಸುವುದು ಫೀಫಾ ಎಂಬ ಜಗತ್ತಿನ ಫುಟ್‌ಬಾಲ್ ಸಂಸ್ಥೆ. ಹೆಂಗಸರಿಗೆ ವಿಶ್ವಕಪ್ ಮಾಡಬೇಕು ಅನ್ನೋ ಯೋಚನೆ ಫೀಫಾಕ್ಕೆ ಬಹಳ ವರ್ಷ ಬರಲೇ ಇಲ್ಲ.

ಫೀಫಾ ಮಾಡದಿದ್ದರೆ ಬೇಡ, ನಾವು ಮಾಡುತ್ತೇವೆ ಅಂತ ಬೇರೆಯವರು ಮುಂದೆ ಬಂದರು. 1971ರಲ್ಲಿ ಮೆಕ್ಸಿಕೊ ದೇಶದಲ್ಲಿ ಆರು ದೇಶಗಳ ಹೆಂಗಸರು ಸೇರಿದರು. ವ್ಯಾಪಾರಿಗಳು ಹಣ ಹಾಕಿದರು. ಹೆಂಗಸರ ಆಟ ಅಂತ ಗೋಲಿನ ಕಂಬಕ್ಕೆ ಗುಲಾಬಿ ಬಣ್ಣ ಬಳಿದರು! ಅದು ಬೇಕಿರಲಿಲ್ಲ ಬಿಡಿ.

ಕೊನೆಯ ಆಟ ಮೆಕ್ಸಿಕೊಗೂ ಡೆನ್ಮಾರ್ಕ್‌ಗೂ. ಅಜ್ಟೆಕಾ ಎಂಬ ಭಾರಿ ಕ್ರೀಡಾಂಗಣ. ಆ ದಿನ ಬಂದ ಜನ ಸುಮಾರು ಒಂದು ಲಕ್ಷ ಹತ್ತು ಸಾವಿರ. ಡೆನ್ಮಾರ್ಕಿನ ಸುಸಾನ್ ಆಗಸ್ಟೆಸನ್ ಎಂಬ ಹುಡುಗಿ ಮೂರು ಗೋಲು ಹೊಡೆದಳು. ಮೆಕ್ಸಿಕೊ ಒಂದೂ ಹೊಡೆಯಲಿಲ್ಲ. ಆ ಹುಡುಗಿಗೆ ವಯಸ್ಸು 15. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಓದುವ ವಯಸ್ಸು.

ಮೆಕ್ಸಿಕೊ ಹುಡುಗಿಯರು ಕೊನೆಯ ಆಟಕ್ಕೆ ಮೊದಲು ಒಂದು ಮಾತು ಕೇಳಿದ್ದರು. "ನಮ್ಮ ಆಟದಿಂದ ಇಷ್ಟು ಹಣ ಬರ್ತಿದೆ, ನಮಗೂ ಪಾಲು ಕೊಡಿ" ಅಂದಿದ್ದರು. ಅದಕ್ಕೆ ಪತ್ರಿಕೆಗಳು ಅವರನ್ನೇ ಬೈದವು. ಕೊನೆಗೆ ಹುಡುಗಿಯರು ದುಡ್ಡಿಲ್ಲದೇ ಆಡಿದರು. ಇಂಗ್ಲೆಂಡಿನಿಂದ ಹೋಗಿದ್ದ ತಂಡದಲ್ಲಿ 13 ವರ್ಷದ ಹುಡುಗಿಯೂ ಇದ್ದಳು. ಅಪ್ಪಣೆ ಇಲ್ಲದೆ ಹೋದಿರಿ ಅಂತ, ಮರಳಿ ಬಂದ ಮೇಲೆ ಆ ಹುಡುಗಿಯರನ್ನು ಕೆಲವು ತಿಂಗಳು ಆಟದಿಂದ ಹೊರಗೆ ಇಟ್ಟರು. ಫೀಫಾ ಈ ಪಂದ್ಯಕೂಟವನ್ನು ತನ್ನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಲಕ್ಷ ಜನ ಕಣ್ಣಾರೆ ಕಂಡದ್ದು ಕಾಗದದಲ್ಲಿ ಇಲ್ಲ.

ಸಭೆಯಲ್ಲಿ ಒಬ್ಬಳು ಎದ್ದು ನಿಂತಳು

1986. ಮತ್ತೆ ಮೆಕ್ಸಿಕೊ. ಈ ಸಲ ಫೀಫಾದ ಮಹಾಸಭೆ. ನಾನಾ ದೇಶದ ಪ್ರತಿನಿಧಿಗಳು, ಎತ್ತ ನೋಡಿದರೂ ಗಂಡಸರು. ನಾರ್ವೆ ದೇಶದ ಎಲೆನ್ ವಿಲ್ಲೆ ಎಂಬ ಹೆಂಗಸು ಮಾತಾಡಲು ಎದ್ದಳು. ಕುಳ್ಳಗಿನ ಹೆಂಗಸು. ಫೀಫಾ ಮಹಾಸಭೆಯಲ್ಲಿ ಒಬ್ಬ ಹೆಂಗಸು ಮಾತಾಡಿದ್ದು ಅದೇ ಮೊದಲು.

ಗ್ರಾಮಸಭೆಯಲ್ಲಿ ಮೊದಲ ಸಲ ಎದ್ದು ನಿಂತು ನೀರಿನ ವಿಷಯ ಕೇಳಿದವರು ನಿಮ್ಮಲ್ಲಿ ಇದ್ದರೆ, ಆಗ ಎದೆ ಹೇಗೆ ಡವಡವ ಅಂತಿತ್ತು ಅಂತ ನೆನಪಿರುತ್ತದೆ. ಎಲೆನ್ ಕೇಳಿದ್ದು ಎರಡು. ಹೆಂಗಸರಿಗೂ ವಿಶ್ವಕಪ್ ಬೇಕು. ಒಲಿಂಪಿಕ್ಸ್‌ನಲ್ಲೂ ಹೆಂಗಸರ ಫುಟ್‌ಬಾಲ್ ಬೇಕು. ಫೀಫಾ ಅಧ್ಯಕ್ಷರು ಇಲ್ಲ ಅನ್ನಲಿಲ್ಲ.

ಆದರೂ ನೇರವಾಗಿ ಕೊಡಲಿಲ್ಲ. ಮೊದಲು ಪರೀಕ್ಷೆ! 1988ರಲ್ಲಿ ಚೀನಾದಲ್ಲಿ 12 ತಂಡ ಕರೆಸಿ ಆಡಿಸಿ ನೋಡಿದರು. ಚೆನ್ನಾಗಿ ನಡೆಯಿತು. ಆಮೇಲೆ 1991ರಲ್ಲಿ ಅದೇ ಚೀನಾದಲ್ಲಿ ಹೆಂಗಸರ ಮೊದಲ ವಿಶ್ವಕಪ್. ಗಂಡಸರದ್ದು 1930ರಲ್ಲಿ, ಹೆಂಗಸರದ್ದು 1991ರಲ್ಲಿ. ನಡುವೆ 61 ವರ್ಷ.

ಅಷ್ಟಾದರೂ ಪೂರಾ ನಂಬಿಕೆ ಬರಲಿಲ್ಲ. ಆಗ ಅದಕ್ಕೆ ವಿಶ್ವಕಪ್ ಅನ್ನೋ ಹೆಸರನ್ನೂ ಕೊಡಲಿಲ್ಲ. ಆಟವನ್ನು 90 ನಿಮಿಷದ ಬದಲು 80 ನಿಮಿಷ ಮಾಡಿದರು. ಹೆಂಗಸರಿಗೆ ದಣಿವಾಗುತ್ತದೆ ಅಂತ! ಹೊತ್ತು ಹುಟ್ಟೋ ಮುಂಚೆ ಎದ್ದು ರಾತ್ರಿ ಹತ್ತರವರೆಗೆ ದುಡಿಯುವ ನಮಗೆ ಇದನ್ನು ಕೇಳಿದರೆ ನಗು ಬರುತ್ತದೆ. 1995ರಿಂದ 90 ನಿಮಿಷವೇ ಆಯಿತು. ಎಲೆನ್ ಕೇಳಿದ ಎರಡನೆಯದು 1996ರಲ್ಲಿ ಆಯಿತು. ಆ ವರ್ಷ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಫುಟ್‌ಬಾಲ್ ಸೇರಿತು.

ವಿಶ್ವಕಪ್ ಹೇಗೆ ನಡೆಯುತ್ತದೆ?

ಎಲ್ಲ ದೇಶಗಳೂ ನೇರವಾಗಿ ಬರುವಂತಿಲ್ಲ. ಮೊದಲು ತಮ್ಮ ತಮ್ಮ ಖಂಡದಲ್ಲಿ ಆಡಿ ಗೆಲ್ಲಬೇಕು. ಏಷ್ಯಾದವರು ಏಷ್ಯಾದಲ್ಲಿ, ಆಫ್ರಿಕಾದವರು ಆಫ್ರಿಕಾದಲ್ಲಿ. ಹಾಗೆ ಗೆದ್ದು ಬಂದ 32 ತಂಡಗಳನ್ನು ನಾಲ್ಕು ನಾಲ್ಕರಂತೆ ಎಂಟು ಗುಂಪು ಮಾಡುತ್ತಾರೆ. ಒಂದು ಗುಂಪಿನಲ್ಲಿ ಪ್ರತಿ ತಂಡವೂ ಉಳಿದ ಮೂರು ತಂಡಗಳ ಜೊತೆ ಆಡುತ್ತದೆ. ಗೆದ್ದರೆ 3 ಅಂಕ. ಸಮ ಆದರೆ 1 ಅಂಕ. ಸೋತರೆ ಏನೂ ಇಲ್ಲ. ಗುಂಪಿನಲ್ಲಿ ಮೇಲಿನ ಎರಡು ತಂಡ ಮುಂದಕ್ಕೆ ಹೋಗುತ್ತವೆ.

ಆಮೇಲೆ ಸೋತವರು ಮನೆಗೆ. 16 ತಂಡ ಇದ್ದದ್ದು 8 ಆಗುತ್ತದೆ, 8 ಇದ್ದದ್ದು 4, ನಾಲ್ಕು ಇದ್ದದ್ದು 2. ಆ ಎರಡು ತಂಡ ಕೊನೆಯ ಆಟ ಆಡುತ್ತವೆ. ಇಲ್ಲಿ ಸಮ ಆದರೆ ಬಿಡುವಂತಿಲ್ಲ. 30 ನಿಮಿಷ ಹೆಚ್ಚು ಆಡಿಸುತ್ತಾರೆ. ಆಗಲೂ ಸಮ ಆದರೆ ಒಬ್ಬೊಬ್ಬರೇ ಬಂದು ಗೋಲಿನ ಮುಂದೆ ಚೆಂಡಿಟ್ಟು ಒದೆಯಬೇಕು. ಎದುರಿಗೆ ಗೋಲು ಕಾಯುವವಳು ಒಬ್ಬಳೇ. ಇದಕ್ಕೆ ಪೆನಾಲ್ಟಿ ಅಂತಾರೆ. ನೋಡುವವರಿಗೇ ಕೈಕಾಲು ನಡುಗುತ್ತದೆ.

1999ರಲ್ಲಿ ಅಮೆರಿಕದಲ್ಲಿ ನಡೆದ ವಿಶ್ವಕಪ್ ಹೀಗೇ ಮುಗಿಯಿತು. ಅಮೆರಿಕ ಮತ್ತು ಚೀನಾ ಆಡಿದವು. ಮೈದಾನದಲ್ಲಿ 90 ಸಾವಿರ ಜನ. ಇಬ್ಬರೂ ಒಂದೂ ಗೋಲು ಹೊಡೆಯಲಿಲ್ಲ. ಪೆನಾಲ್ಟಿಯಲ್ಲಿ ಚೀನಾ 4, ಅಮೆರಿಕ 5.

1991ರಿಂದ 2023ರವರೆಗೆ ಒಂಬತ್ತು ವಿಶ್ವಕಪ್ ಆಗಿವೆ. ಅಮೆರಿಕ ನಾಲ್ಕು ಸಲ ಗೆದ್ದಿದೆ. ಜರ್ಮನಿ ಎರಡು ಸಲ. ಹೆಂಗಸರಿಗೆ 15 ವರ್ಷ ಮೈದಾನ ಕೊಡದೇ ಇದ್ದ ಜರ್ಮನಿ ಅದೇ! ನಾರ್ವೆ, ಜಪಾನ್, ಸ್ಪೇನ್ ಒಂದೊಂದು ಸಲ ಗೆದ್ದಿವೆ.

ಜಪಾನಿನ ಗೆಲುವನ್ನು ಸ್ವಲ್ಪ ಹೇಳಲೇಬೇಕು. 2011ರ ಮಾರ್ಚ್ 11ರಂದು ಅಲ್ಲಿ ಭೂಕಂಪವಾಗಿ ಸಮುದ್ರ ಉಕ್ಕಿ ಊರುಗಳೇ ಕೊಚ್ಚಿ ಹೋಗಿದ್ದವು. ಸಾವಿರಾರು ಜನ ಸತ್ತಿದ್ದರು. ನಾಲ್ಕು ತಿಂಗಳಿಗೆ ಜರ್ಮನಿಯಲ್ಲಿ ವಿಶ್ವಕಪ್. ಕೊನೆಯ ಆಟ ಬಲಶಾಲಿ ಅಮೆರಿಕದ ಜೊತೆ. ಎರಡು ಸಲ ಜಪಾನ್ ಹಿಂದೆ ಬಿತ್ತು, ಎರಡು ಸಲವೂ ಸಮ ಮಾಡಿತು. ಎರಡನೆಯ ಗೋಲು ಹೊಡೆದದ್ದು ನಾಯಕಿ ಹೊಮಾರೆ ಸಾವಾ. ಆಟ ಮುಗಿಯಲು ಆಗ ಮೂರೇ ನಿಮಿಷ ಉಳಿದಿತ್ತು. ಆಮೇಲೆ ಪೆನಾಲ್ಟಿಯಲ್ಲಿ ಜಪಾನ್ ಗೆದ್ದಿತು. ತಮ್ಮ ಕಷ್ಟಕ್ಕೆ ನೆರವಾದ ಜಗತ್ತಿನ ಗೆಳೆಯರಿಗೆಲ್ಲ ಕೃತಜ್ಞತೆ ಅಂತ ಬರೆದ ಬಟ್ಟೆ ಹಿಡಿದು ಆ ಹುಡುಗಿಯರು ಮೈದಾನ ಸುತ್ತಿದರು.

ಮೂರು ದಿನದ ಬಸ್ಸು

ಬ್ರೆಜಿಲಿನಲ್ಲಿ ಹೆಂಗಸರು ಆಡಬಾರದು ಅನ್ನೋ ಕಾನೂನು ಹೋದದ್ದು 1979ರಲ್ಲಿ ಅಂತ ಓದಿದಿರಿ. ಏಳು ವರ್ಷ ಕಳೆದು, 1986ರಲ್ಲಿ, ದೋಯಿಸ್ ರಿಯಾಶೋಸ್ ಎಂಬ ಸಣ್ಣ ಊರಿನ ಬಡ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಸರು ಮಾರ್ತಾ. ಮಗು ಚಿಕ್ಕದಿರುವಾಗಲೇ ಅಪ್ಪ ಮನೆ ಬಿಟ್ಟು ಹೋದ. ತಾಯಿ ದುಡಿದು ನಾಲ್ಕು ಮಕ್ಕಳನ್ನು ಸಾಕಿದಳು.

ಮಾರ್ತಾ ಹುಡುಗರ ಜೊತೆ ಚೆಂಡು ಒದ್ದು ಬೆಳೆದಳು. ಕಾನೂನು ಹೋಗಿತ್ತು, ಜನರ ಬಾಯಿ ಹೋಗಿರಲಿಲ್ಲ. ಹುಡುಗಿ ಹೀಗೆ ಆಡಬಹುದಾ ಅಂತ ಊರಿನವರು ಆಡಿಕೊಂಡರು. 14 ವರ್ಷಕ್ಕೆ ಮಾರ್ತಾ ಬಸ್ಸು ಹತ್ತಿದಳು. ರಿಯೋ ನಗರಕ್ಕೆ ಮೂರು ದಿನದ ದಾರಿ. ಅಲ್ಲಿ ಪರೀಕ್ಷೆಗೆ ಆಡಿ ತೋರಿಸಿ ತಂಡ ಸೇರಿದಳು.

ಆಮೇಲೆ ಆದದ್ದು ಜಗತ್ತಿಗೇ ಗೊತ್ತು. ಆರು ವಿಶ್ವಕಪ್ ಆಡಿದಳು. ಒಟ್ಟು 17 ಗೋಲು ಹೊಡೆದಳು. 2022ರ ವಿಶ್ವಕಪ್‌ವರೆಗೂ ಗಂಡಸರಲ್ಲಿ ಯಾರೂ 16 ಗೋಲು ದಾಟಿರಲಿಲ್ಲ. ಆದರೆ ಬ್ರೆಜಿಲ್ ಹೆಂಗಸರು ಇದುವರೆಗೆ ಒಂದು ಸಲವೂ ವಿಶ್ವಕಪ್ ಗೆದ್ದಿಲ್ಲ. ಅಷ್ಟು ವರ್ಷ ಆಟ ನಿಲ್ಲಿಸಿದ್ದರ ಬೆಲೆ ಅದು ಅಂತ ನನ್ನ ಎಣಿಕೆ.

ಮಾರ್ತಾಳ ಜೊತೆ ಫಾರ್ಮಿಗಾ ಎಂಬ ಇನ್ನೊಬ್ಬಳು ಆಡುತ್ತಿದ್ದಳು. ಅವಳು ಹುಟ್ಟಿದ್ದು 1978ರಲ್ಲಿ. ಅಂದರೆ ಅವಳು ಹುಟ್ಟಿದಾಗ ಅವಳ ದೇಶದಲ್ಲಿ ಹೆಣ್ಣು ಚೆಂಡು ಒದೆಯುವುದು ಅಪರಾಧ. ಅವಳು ಏಳು ವಿಶ್ವಕಪ್ ಆಡಿದಳು. ಕೊನೆಯದು ಆಡಿದಾಗ 41 ವರ್ಷ.

ಕೂಲಿಯ ಲೆಕ್ಕ

ಗದ್ದೆಯಲ್ಲಿ ಗಂಡಸಿಗೂ ನಿಮಗೂ ಒಂದೇ ಹೊತ್ತಿನ ಕೆಲಸ. ಸಂಜೆ ಕೂಲಿ ಎಣಿಸುವಾಗ ಮಾತ್ರ ಬೇರೆ ಬೇರೆ. ನಮ್ಮ ದೇಶದಲ್ಲಿ 1976ರಲ್ಲೇ ಸಮಾನ ವೇತನದ ಕಾಯ್ದೆ ಬಂತು. ಎಷ್ಟು ಹೊಲಗಳಿಗೆ ಅದು ತಲುಪಿತು ಅನ್ನೋದು ನಿಮಗೇ ಗೊತ್ತು.

ಫುಟ್‌ಬಾಲಿನಲ್ಲೂ ಇದೇ ಕಥೆ. ಅಮೆರಿಕದಲ್ಲಿ ಹೆಂಗಸರ ತಂಡ ವಿಶ್ವಕಪ್ ಗೆದ್ದು ಗೆದ್ದು ತರುತ್ತಿತ್ತು. ಗಂಡಸರ ತಂಡ ಒಂದು ಸಲವೂ ಗೆದ್ದಿರಲಿಲ್ಲ. ಆದರೂ ಸಂಘ ಗಂಡಸರಿಗೆ ಕೊಡುವ ದರ ಬೇರೆ, ಹೆಂಗಸರಿಗೆ ಬೇರೆ. 28 ಆಟಗಾರ್ತಿಯರು ಒಟ್ಟಾಗಿ ಕೋರ್ಟಿಗೆ ಹೋದರು. ಯಾವ ದಿನ ಹೋದರು ಗೊತ್ತೇ? 2019ರ ಮಾರ್ಚ್ 8, ಮಹಿಳಾ ದಿನ.

ಅದೇ ವರ್ಷ ಫ್ರಾನ್ಸಿನಲ್ಲಿ ಅವರು ಮತ್ತೆ ವಿಶ್ವಕಪ್ ಗೆದ್ದರು. ಮೈದಾನದಲ್ಲಿ ಕೂತ ಜನ "ಸಮಾನ ವೇತನ, ಸಮಾನ ವೇತನ" ಅಂತ ಕೂಗಿದರು. ಕೋರ್ಟಿನಲ್ಲಿ ಒಂದು ಸಲ ಹಿನ್ನಡೆಯೂ ಆಯಿತು. ಬಿಡಲಿಲ್ಲ. 2022ರಲ್ಲಿ ಸಂಘ ರಾಜಿಗೆ ಬಂತು. 2 ಕೋಟಿ 40 ಲಕ್ಷ ಡಾಲರ್ ಕೊಡಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಸುಮಾರು 180 ಕೋಟಿ ರೂಪಾಯಿ. ಇನ್ನು ಮುಂದೆ ಇಬ್ಬರಿಗೂ ಒಂದೇ ದರ ಅಂತಲೂ ಬರೆದು ಕೊಟ್ಟಿತು. ನಾರ್ವೆ ದೇಶದವರು ಇದನ್ನು 2017ರಲ್ಲೇ ಮಾಡಿದ್ದರು.

ಆದರೆ ಫೀಫಾ ಕೊಡುವ ಬಹುಮಾನ ಇನ್ನೂ ಸಮ ಆಗಿಲ್ಲ. 2022ರಲ್ಲಿ ಗಂಡಸರ ವಿಶ್ವಕಪ್‌ಗೆ 44 ಕೋಟಿ ಡಾಲರ್ ಇಟ್ಟರು. 2023ರಲ್ಲಿ ಹೆಂಗಸರದಕ್ಕೆ 11 ಕೋಟಿ. ಭಾಗಿಸಿ ನೋಡಿ. ನಾಲ್ಕರಲ್ಲಿ ಒಂದು ಪಾಲು.

2023ರ ವಿಶ್ವಕಪ್

ಇದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ನಡೆಯಿತು. ಮೊದಲ ಸಲ 32 ತಂಡ. ಮೊರಾಕೊ ದೇಶದ ನುಹೈಲಾ ಬೆನ್ಜಿನಾ ತಲೆಗೆ ಹಿಜಾಬ್ ಕಟ್ಟಿಕೊಂಡೇ ಆಡಿದಳು. ಹಿಂದೆ ಫೀಫಾ ಇದಕ್ಕೆ ಬಿಡುತ್ತಿರಲಿಲ್ಲ. 2014ರಲ್ಲಿ ಆ ತಡೆ ತೆಗೆಯಿತು. ದೊಡ್ಡವರ ವಿಶ್ವಕಪ್‌ನಲ್ಲಿ ಹಾಗೆ ಆಡಿದವರಲ್ಲಿ ಅವಳೇ ಮೊದಲಿಗಳು.

ಜಮೈಕಾ ಪುಟ್ಟ ದ್ವೀಪ. ಅಲ್ಲಿನ ಹೆಂಗಸರ ತಂಡಕ್ಕೆ ಸಂಘದ ಹಣ ಸಾಲದು. ಒಬ್ಬ ಆಟಗಾರ್ತಿಯ ತಾಯಿ ಊರಿನವರ, ಪರಊರಿನವರ ಹತ್ತಿರ ಚಂದಾ ಎತ್ತಿದಳು. ಆ ಜಮೈಕಾ ತಂಡ ಮಾರ್ತಾಳ ಬ್ರೆಜಿಲನ್ನು ಗೋಲು ಹೊಡೆಯಲು ಬಿಡದೆ ತಡೆದು, ತಾನು 16 ತಂಡಗಳ ಸುತ್ತಿಗೆ ಹೋಯಿತು. ಬ್ರೆಜಿಲ್ ಮನೆಗೆ ಹೋಯಿತು.

ಕೊನೆಯ ಆಟದಲ್ಲಿ ಸ್ಪೇನ್ ಇಂಗ್ಲೆಂಡನ್ನು ಒಂದು ಗೋಲಿನಿಂದ ಸೋಲಿಸಿತು. ಗೋಲು ಹೊಡೆದ ಓಲ್ಗಾ ಕಾರ್ಮೋನಾಳ ತಂದೆ ಎರಡು ದಿನದ ಹಿಂದೆಯೇ ತೀರಿಕೊಂಡಿದ್ದರು. ಅವಳ ಮನಸ್ಸು ಕೆಡಬಾರದು ಅಂತ ಮನೆಯವರು ಹೇಳಿರಲಿಲ್ಲ. ಕಪ್ ಗೆದ್ದ ಮೇಲೆ ಹೇಳಿದರು.

ಬಹುಮಾನ ಕೊಡುವ ವೇದಿಕೆಯಲ್ಲಿ ಇನ್ನೊಂದು ಘಟನೆ ಆಯಿತು. ಸ್ಪೇನ್ ಫುಟ್‌ಬಾಲ್ ಸಂಘದ ಅಧ್ಯಕ್ಷ ಹೆನಿ ಎರ್ಮೋಸೊ ಎಂಬ ಆಟಗಾರ್ತಿಯ ತಲೆ ಹಿಡಿದು ತುಟಿಗೆ ಮುತ್ತು ಕೊಟ್ಟ. ಜಗತ್ತೆಲ್ಲ ನೋಡುತ್ತಿತ್ತು. "ಸಂತೋಷದಲ್ಲಿ ಆಯ್ತು, ಅವಳೂ ಒಪ್ಪಿದ್ದಳು" ಅಂದ. "ನಾನು ಒಪ್ಪಿರಲಿಲ್ಲ" ಅಂದಳು ಹೆನಿ. ಅವಳ ಜೊತೆ 80 ಆಟಗಾರ್ತಿಯರು ನಿಂತರು. ಈ ಮುಂದಾಳುಗಳು ಇರುವವರೆಗೆ ದೇಶಕ್ಕೆ ಆಡುವುದಿಲ್ಲ ಅಂದರು. ಮೂರು ವಾರದೊಳಗೆ ಅಧ್ಯಕ್ಷ ಕುರ್ಚಿ ಬಿಟ್ಟ. 2025ರಲ್ಲಿ ಕೋರ್ಟು ಅವನು ತಪ್ಪಿತಸ್ಥ ಅಂತ ಹೇಳಿ ದಂಡ ಹಾಕಿತು.

ನಮ್ಮ ದೇಶದ ಹುಡುಗಿಯರು

ಈ ಒಂಬತ್ತು ವಿಶ್ವಕಪ್‌ಗಳಲ್ಲಿ ಭಾರತದ ಹೆಂಗಸರು ಆಡಿಲ್ಲ. ಹಾಗಂತ ನಮ್ಮವರಿಗೆ ಆಟ ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. 1980ರಲ್ಲಿ ಏಷ್ಯಾದ ಹೆಂಗಸರ ಪಂದ್ಯಕೂಟ ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಯಲ್ಲೇ ನಡೆಯಿತು. ಭಾರತ ಕೊನೆಯ ಆಟದವರೆಗೆ ಹೋಯಿತು. 1983ರಲ್ಲೂ ಹೋಯಿತು. ಎರಡು ಸಲವೂ ಎರಡನೆಯ ಸ್ಥಾನ. ಆ ವರ್ಷ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್ ಆಡಿ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರು. ಆಮೇಲೆ ಬೇರೆ ದೇಶಗಳು ಹಣ ಹಾಕಿ ಮುಂದೆ ಓಡಿದವು, ನಾವು ಹಿಂದೆ ಉಳಿದೆವು.

2022ರಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಭುವನೇಶ್ವರ, ಗೋವಾ, ನವಿ ಮುಂಬಯಿಯಲ್ಲಿ ಆಟಗಳು. ನಮ್ಮ ತಂಡದ ನಾಯಕಿ ಜಾರ್ಖಂಡ್ ರಾಜ್ಯದ ಗುಮ್ಲಾ ಜಿಲ್ಲೆಯ ಹಳ್ಳಿ ಹುಡುಗಿ, ಅಷ್ಟಮ್ ಒರಾಂವ್. ನಾಯಕಿಯ ಊರು ಅಂತ ಅವಳ ಮನೆಗೆ ರಸ್ತೆ ಹಾಕಿಸಲು ಸರ್ಕಾರ ಹೊರಟಿತು. ಆ ರಸ್ತೆಗೆ ಕಲ್ಲು ಮಣ್ಣು ಹೊತ್ತ ಕೂಲಿಯವರಲ್ಲಿ ಅವಳ ಅಪ್ಪ ಅಮ್ಮನೂ ಇದ್ದರು! ಮಗಳು ದೇಶದ ಬಾವುಟದ ಕೆಳಗೆ ಆಡುತ್ತಿದ್ದಾಗ ಅವರಿಗೆ ದಿನಗೂಲಿ ತಪ್ಪಲಿಲ್ಲ. ನಮ್ಮ ಹುಡುಗಿಯರು ಆ ಕೂಟದಲ್ಲಿ ಮೂರೂ ಆಟ ಸೋತರು. ಅಮೆರಿಕ ಎಂಟು ಗೋಲು ಹೊಡೆಯಿತು. ಸೋಲನ್ನು ಮುಚ್ಚಿಡಬೇಕಾದ್ದಿಲ್ಲ.

ಮೂರು ವರ್ಷಕ್ಕೆ ದೊಡ್ಡವರ ತಂಡ ಒಂದು ಒಳ್ಳೇ ಸುದ್ದಿ ಕೊಟ್ಟಿತು. 2025ರ ಜುಲೈನಲ್ಲಿ ಭಾರತದ ಹೆಂಗಸರು ಥಾಯ್ಲೆಂಡಿಗೆ ಹೋಗಿ, ಅವರ ನೆಲದಲ್ಲೇ ಅವರನ್ನು ಎರಡು ಗೋಲಿಗೆ ಒಂದರಂತೆ ಸೋಲಿಸಿದರು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಅವರದು. ಈ ಗೆಲುವಿನಿಂದ 2026ರ ಏಷ್ಯಾ ಕಪ್‌ಗೆ ಭಾರತಕ್ಕೆ ಜಾಗ ಸಿಕ್ಕಿತು. ಅರ್ಹತೆಯ ಆಟ ಆಡಿ ಗೆದ್ದು ಈ ಜಾಗ ಪಡೆದದ್ದು ಇದೇ ಮೊದಲ ಸಲ.

ಹೆಂಗಸರ ಹತ್ತನೆಯ ವಿಶ್ವಕಪ್ 2027ರ ಜೂನ್, ಜುಲೈನಲ್ಲಿ ಅಂತ ಗೊತ್ತು ಮಾಡಿದ್ದಾರೆ. ಎಲ್ಲಿ? ಬ್ರೆಜಿಲಿನಲ್ಲಿ, ಎಂಟು ನಗರಗಳಲ್ಲಿ. ಟೀವಿಯಲ್ಲಿ ಬಂದರೆ ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಅಲ್ಲಿ ಸಂಜೆ ಆಟ ಶುರುವಾಗುವಾಗ ಇಲ್ಲಿ ನಡುರಾತ್ರಿ ದಾಟಿರುತ್ತದೆ, ಕೆಲವು ಆಟ ಮುಗಿಯುವ ಹೊತ್ತಿಗೆ ಕೋಳಿ ಕೂಗುತ್ತದೆ. ಆ ಹೊತ್ತಿಗೆ ಏಳುವುದು ನಮಗೇನು ಹೊಸದಲ್ಲ.